ನಲವತ್ತು ರೂಪಾಯಿ ಬಾಕಿ

ಶನಿವಾರ ನಸುಕಿನ ರೈಲಿನಾಗ
ಒಂಬತ್ತು ಮಂದಿ ನಾವು, ಹತ್ತನೆಯವರು ಸರ್.
ಅವರ ಕಿಸೆಯೊಳಗ ನಾಕು ಮಡಿಕಿಯ ಪಟ್ಟಿ:
ಕೋಟೆ, ಮದರಸಾ, ಚೌಬಾರಾ, ಅಷ್ಟೂರು,
ಸಂಜಿಗಿ ಬಿದ್ರಿ ಅಂಗಡಿ, ಆಮ್ಯಾಲ ವಾಪಸ್.

ಹಿವೊತ್ ಕಿಟಕಿ ಹಿಡಿದಿದ್ದಳು.
ಅಡಿಸ್ ಅಬಾಬಾದಿಂದ ಕಲಬುರಗಿಗಿ ಬಂದು ಐದು ತಿಂಗಳು,
ಕಲ್ತ ಕನ್ನಡ ಮೂರು ಮಾತು:
ಸಾಕು, ಖಾರ, ಎಷ್ಟ್ರೀ?
ಹಾಸ್ಟೆಲಿಗಿ ಇಷ್ಟಿದ್ರ ನಡೀತದ ಅಂತಾಳ.
ಮರಗುತ್ತಿ ಸುರಂಗದಾಗ ಕತ್ತಲಿ ಬಡಿದಾಗ
ಎಲ್ಲರೂ ಕೂ ಅಂದರು. ಆಕಿ ಅನ್ನಲಿಲ್ಲ,
ಬೆರಳು ಮಡಚಿ ಎಷ್ಟು ಹೊತ್ತು ಅಂತ ಎಣಿಸಿದಳು.

ಕೋಟೆಯೊಳಗ ಸಾಯಬಣ್ಣ ಗೈಡ್ ಆದ, ಯಾರೂ ಕೇಳದಿದ್ದರೂ.
ರಂಗೀನ ಮಹಲಿಗಿ ಕೀಲಿ.
ಕರಿಗಲ್ಲಿನ್ಯಾಗ ಕೂಡಿಸಿದ ಮುತ್ತಿನ ಚಿಪ್ಪನ್ನ
ಸಂದಿಗಿ ಒಂದೊಂದೇ ಕಣ್ಣಿಟ್ಟು, ಪಾಳಿ ಹಚ್ಚಿ ನೋಡಿದೆವು.
ಉದಗೀರಿನ ಕುಟುಂಬವೊಂದು "ಒಂದ ಫೋಟೋ" ಅಂತ
ಹಿವೊತ್‌ಳನ್ನ ನಡುವ ನಿಲ್ಲಿಸಿತು,
ಆಮ್ಯಾಲ ಇನ್ನೊಂದು ಕುಟುಂಬ, ಆಮ್ಯಾಲ ಸಾಲಿ ಹುಡುಗರು.
ಏಳನೇದಕ್ಕ "ಸಾಕು" ಅಂದಳು.
ಕನ್ನಡ ಬರ್ತದ, ಕನ್ನಡ ಬರ್ತದ ಅಂತ
ಹುಡುಗರು ಮತ್ತ ಮುತ್ತಿದರು.

ನನಗೂ ಬೀದರ ಹೊಸದು, ಯಾರಿಗೂ ಹೇಳಿಲ್ಲ.
ನೂರು ಕಿಲೋಮೀಟರಿನ ಊರು, ಇಪ್ಪತ್ತೆರಡು ವರ್ಷ.
ಚಹಾದಂಗಡಿಯಾಕಿ ನನ್ನ ಮಾತು ಕೇಳಿ
"ನೀವ್ ಯಾ ಕಡಿಯವ್ರವ್ವಾ?" ಅಂದಳು.
ಹಿವೊತ್ ನನ್ನ ಮಾರಿ ನೋಡಿ ನಕ್ಕಳು,
ಆ ಒಂದು ಪ್ರಶ್ನಿ ಯಾವ ಭಾಷೆಯಾಗಿದ್ದರೂ ಆಕಿಗಿ ತಿಳೀತದ.

ಮದರಸಾದ ಮುಂದ ಸರ್ ಭಾಷಣ:
ಸಮುದ್ರ ದಾಟಿ ಇಲ್ಲಿಗಿ ಓದಾಕ ಬರ್ತಿದ್ದರಂತ.
ಉಳಿದ ಒಂದೇ ಮಿನಾರಿನ ನೀಲಿ ಹಂಚು ಉದುರಿದಲ್ಲಿ
ಇಟ್ಟಂಗಿ ಕಾಣತಿತ್ತು, ಒಣಗಿದ ಗಾಯದ ಬಣ್ಣ.
"ಅವರಿಗಿ ಮನಿ ಕಾಗದ ಎಷ್ಟು ದಿನಕ್ಕ ಮುಟ್ಟತಿತ್ತು?"
ಹಿವೊತ್ ಕೇಳಿದಳು.
ಸರ್ ಕನ್ನಡಕ ಒರಸಿಕೊಂಡರು.

ಹಬ್ಶಿಕೋಟ ಪಟ್ಟಿಯಾಗ ಇರಲಿಲ್ಲ.
ಊಟದ ಹೊತ್ತಿನ್ಯಾಗ ಇಬ್ಬರೇ ಜಾರಿದೆವು,
ಆಟೋ ಎಂಬತ್ತು ರೂಪಾಯಿ, ನಾನೇ ಕೊಟ್ಟೆ.
ಗುಡ್ಡ, ಬಿಸಿಲು, ಗೋರಿ, ಗುಮ್ಮಟದ ಬಿರುಕಿನ್ಯಾಗ ಹುಲ್ಲು.
ಆಟೋದ ಖಾಜಾಮಿಯಾ ಬೆರಳು ಮಾಡಿ
"ನಿಮ್ಮೂರವ್ರೇ ಮಲಗ್ಯಾರ ಬೇಟಿ" ಅಂದ.
ನಾನು ಇಂಗ್ಲಿಷಿಗಿ ತಿರುವಿದೆ,
ದನಿಯೊಳಗ ಒಂದೀಟು ನಡುಕ ನಾನೇ ಹಾಕಿ.
ಅಳ್ತಾಳೇನೋ ಅಂತ ಕರವಸ್ತ್ರ ಸೈತ ತಗದಿಟ್ಟಿದ್ದೆ.

ಆಕಿ ಒಂದು ಸುತ್ತು ಬಂದಳು.
"ನಮ್ಮೂರು ಅಂದ್ರ ಯಾವೂರು?
ಇವರನ್ನ ಯಾರು ಮಾರಿದ್ರು, ಯಾರು ಕೊಂಡ್ರು,
ಅದನ್ನೇನಾರ ಬರದಾರೇನು?"
ಹುಡುಕಿದೆವು.
ಗ್ವಾಡಿ ಮ್ಯಾಲ ಯಾರದೋ ಮೊಬೈಲ್ ನಂಬರಿತ್ತು,
ಹತ್ತು ಅಂಕಿ, ಇದ್ದಲಿಯಲ್ಲಿ.
ಕರವಸ್ತ್ರದಿಂದ ನನ್ನ ಬೆವರು ಒರಸಿಕೊಂಡೆ.

ಇಳಿಯುವಾಗ ಹೊಲದ ದಂಡಿಗಿ ಹೊಗಿ.
ಮುದುಕಿಯೊಬ್ಬಳು ಹಸಿ ತೆನಿ ಸುಟ್ಟು
ಸೀತನಿ ಉಜ್ಜತಿದ್ದಳು.
ಹಿವೊತ್ ಗಕ್ಕನ ನಿಂತು "ಮಶಿಲಾ" ಅಂದಳು,
ಯಾರಿಗೂ ಅಲ್ಲ, ತೆನಿಗಿ.
"ಜೋಳ" ಅಂದೆ ನಾನು.
"ಮಶಿಲಾ" ಅಂದಳು.
ಮುದುಕಿ ಎರಡಕ್ಕೂ ಹೂಂ ಅಂದು
ಉಪ್ಪು ಉದುರಿಸಿ ಆಕಿ ಬೊಗಸಿಗಿ ಸುರುವಿದಳು.
"ಎಷ್ಟ್ರೀ?"
"ತಿನ್ನ ಮೊದಲ."
ಇದನ್ನ ನಾನು ತಿರುವಿ ಹೇಳಬೇಕಾಗಲಿಲ್ಲ,
ಆಗಲೇ ಆಕಿ ಬಾಯಿ ಸುಟಗೊಂಡು ಊಫ್ ಊಫ್ ಅನ್ನತಿದ್ದಳು.

ಸರ್ ಬೈದರು. ಬಿದ್ರಿ ಅಂಗಡಿ ತಪ್ಪಿತು.
ಸುರಂಗದಾಗ ಈ ಸಲ ನಾನೂ ಬೆರಳು ಮಡಚಿ ಎಣಿಸಿದೆ.
ಬೆಳಕಿಗಿ ಬಂದು ಕೇಳಿದರ
ಆಕಿ ಲೆಕ್ಕಕ್ಕೂ ನನ್ನ ಲೆಕ್ಕಕ್ಕೂ ಹದಿನಾಕು ಹೆಚ್ಚುಕಡಿಮಿ.
ಯಾರದು ಖರೆ ಅಂತ ವಾದ ಶಹಾಬಾದದಷ್ಟು ಉದ್ದಾಯಿತು.

ಆಟೋದ ಪಾಲು ನಲವತ್ತು ಆಕಿ ಇನ್ನೂ ಕೊಟ್ಟಿಲ್ಲ.
ಮೆಸ್ಸಿನ್ಯಾಗ ದಿನಾ ಎದುರಾಬದುರಾ ಕೂಡತೀವಿ,
ಉಪ್ಪಿನ ಡಬ್ಬಿ ಅತ್ತಿತ್ತ ಸರಿಸತೀವಿ.
ನಾನೂ ಕೇಳಿಲ್ಲ.